ಸ್ಟೇಪ್ಲರ್

ಮಡಿಕೇರಿಯ ಹಾಸ್ಟೆಲಿನಲ್ಲಿ ಮಂಜು ಕಿಟಕಿಯಿಂದ ಒಳಬಂದು
ನೇತುಹಾಕಿದ ಏಪ್ರನ್ನಿನೊಳಗೆ ತೋಳು ತೂರಿಸುತ್ತದೆ.
ಸಿಂಧನೂರಿನವಳು ನಾನು;
ಒಗೆದದ್ದು ನಾಲ್ಕು ದಿನ ಒಣಗದ ಊರು ಗೊತ್ತಿರಲಿಲ್ಲ.

ಫಿಸಿಯಾಲಜಿಯಲ್ಲಿ ಇಪ್ಪತ್ತೊಂದು.
ಫೋನಿನಲ್ಲಿ ಅಪ್ಪನಿಗೆ 'ಆರಾಮ ಅದೀನಿ' ಅಂದೆ.
ಆಮೇಲೆ ಮೆಸ್ಸಿಗೆ ಇಳಿಯುವುದು ಬಿಟ್ಟೆ.
ಮಂಚದಡಿ ಡಬ್ಬದಲ್ಲಿ ಬಾಡಿಗೆ ಮೂಳೆಗಳು, ಮೇಲೆ ನಾನು:
ಯಾವುದು ಯಾರದೆಂದು ರಾತ್ರಿ ಮರೆತುಹೋಗುತ್ತಿತ್ತು.

ಒಂದೂವರೆಗೆ ಬಾಗಿಲು ಬಡಿದವಳು ಚೋಂದಮ್ಮ, ಮೂರನೇ ವರ್ಷ.
'ಸ್ಟೇಪ್ಲರ್ ಉಂಟಾ?'
ಇರಲಿಲ್ಲ.
ಅವಳು ಹೋಗಲೂ ಇಲ್ಲ.
ಮನೆಯಿಂದ ಬಂದ ಕಡಂಬುಟ್ಟು, ತಣ್ಣಗೆ ಕಲ್ಲಾದದ್ದು,
ನನ್ನ ನೋಟ್ಸಿನ ಮೇಲಿಟ್ಟು ಕೂತಳು.
'ಕೈ ಕೊಡು. ನಾಳೆ ವಾರ್ಡಲ್ಲಿ ಕೇಳ್ತಾರೆ, ನಾಡಿ ಎಣಿಸ್ಬೇಕು.'
ಗಡಿಯಾರ ನೋಡುತ್ತ ಒಂದು ನಿಮಿಷ.
ನಿಮಿಷ ಮುಗಿಯಿತು.
ಎಷ್ಟೆಂದು ಹೇಳಲಿಲ್ಲ, ಕೈ ಬಿಡಲಿಲ್ಲ.

ಎಷ್ಟು ಹೊತ್ತು ಅತ್ತೆನೋ.
'ನಂದು ಹದಿನೇಳು, ಅದೇ ಪೇಪರಲ್ಲಿ' ಅಂದಳು, ಅಷ್ಟೇ.
ಬೆಳಿಗ್ಗೆ ಸೈಕಿಯಾಟ್ರಿ ಓಪಿಡಿಯ ಸಾಲಿನಲ್ಲಿ
ಚೀಟಿ ಹಿಡಿದು ನನಗಿಂತ ಮುಂದೆ ನಿಂತಿದ್ದವಳೂ ಅವಳೇ.

ಆಮೇಲೆ ಕಂಡಿತು, ನೀರಿನ ಫಿಲ್ಟರಿನ ಹಿಂದೆ
ಪೆನ್ಸಿಲಿನಲ್ಲಿ ಬರೆದ ಪಟ್ಟಿ:
ಯಾವ ರಾತ್ರಿ ಯಾರು ಎಚ್ಚರ.

ಈಗ ಗುರುವಾರ ನನ್ನದು.
ಕೆಳಗಿನ ಏಳನೇ ಕೋಣೆ, ಸುಂಟಿಕೊಪ್ಪದ ಸಫೂರಾ.
ಲೈಟು ಆರಿಲ್ಲ. ಸದ್ದೂ ಇಲ್ಲ.
ಸ್ವೆಟರಿನ ಜೇಬಿನಲ್ಲಿ ಭಾರವಾದದ್ದನ್ನು
ಇನ್ನಷ್ಟು ಒಳಗೆ ತಳ್ಳಿ
ಬಡಿಯುತ್ತೇನೆ:
'ಸ್ಟೇಪ್ಲರ್ ಐತೇನು?'