ಕಾಯುವುದು

ಮೈನಸ್ ಐವತ್ತೆರಡು. ಶಾಲೆಗಳಿಗೆ ರಜೆ ಎಂದಿತು ರೇಡಿಯೊ.
ಅಗ್ರಫೇನ ಅತ್ತೆಗೆ ರಜೆಯಿಲ್ಲ.
ನಗರದಲ್ಲಿ ಅವಳ ಹೊಸ ಹಲ್ಲಿನ ಸೆಟ್ಟು ಸಿದ್ಧವಾಗಿದೆ.
ಎರಡು ತಿಂಗಳಿಂದ ಗಂಜಿ ಕುಡಿದು ಕುಡಿದು
ಮೀನು ಕಂಡರೆ ಕಣ್ಣು ಒದ್ದೆಯಾಗುತ್ತದೆ ಅವಳಿಗೆ.

ರಾತ್ರಿಯಿಡೀ ಎಂಜಿನ್ನು ಆರಿಸಿರಲಿಲ್ಲ ನಾನು.
ಬಾನೆಟ್ಟಿಗೆ ಕಂಬಳಿ ಹೊದಿಸಿದ್ದೆ
ಬಾಣಂತಿಗೆ ಹೊದಿಸಿದ ಹಾಗೆ.
ಊರಿನ ಉಸಿರು ಮೇಲೇರಲಾರದೆ
ಸೂರಿನ ಮಟ್ಟದಲ್ಲೇ ಮಂಜಾಗಿ ನಿಂತಿತ್ತು;
ಹತ್ತು ಮಾರು ದೂರದ ಲಾರಿ ಬರೀ ಒಂದು ಸದ್ದು.

ಅತ್ತೆ ಹತ್ತಿ ಕೂತಳು. ಮಡಿಲಲ್ಲಿ ಗೋಣಿಚೀಲ:
ಬಟ್ಟಲಲ್ಲಿ ಗಟ್ಟಿಯಾದ ಹಾಲಿನ ಬಿಲ್ಲೆಗಳು,
(ಸಖಾ ನಾಡಿನಲ್ಲಿ ಹಾಲಿಗೆ ಚಳಿಯೇ ಹೆಪ್ಪು)
ಸೌದೆಯಂತೆ ಸೆಟೆದ ಐದು ಮೀನು, ಹಲ್ಲಿನ ಡಾಕ್ಟರಿಗೆ.
"ಬೂಟು ಬಿಗಿಯೇನೆ, ಕ್ಯುನ್ನೆಯ್?"
"ಇಲ್ಲ."
"ಬೆರಳು ಆಡಿಸು ನೋಡೋಣ. ಬಿಗಿ ಬೂಟು ಬೆರಳು ತಿನ್ನುತ್ತೆ.
ಬೆವರಬೇಡ. ಬೆವರಿದವಳು ಒದ್ದೆ ಬಟ್ಟೆ ಉಟ್ಟವಳು.
ಅರ್ಧ ಟ್ಯಾಂಕು ಅಂದರೆ ಖಾಲಿ ಟ್ಯಾಂಕು.
ಜಾರಿತೋ, ಬ್ರೇಕು ತುಳಿಯಬೇಡ,
ಹಿಂದಿನ ಚಕ್ರ ಎತ್ತ ಜಾರುತ್ತೋ ಅತ್ತಲೇ ತಿರುಗಿಸು.
ಗಂಡನ ಕೋಪಕ್ಕೂ ಇದೇ ಉಪಾಯ,"
ಎಂದು ಬೊಚ್ಚು ಬಾಯಿ ತೆರೆದು ನಕ್ಕಳು.

ತೊಂಬತ್ತನೆಯ ಕಿಲೋಮೀಟರಿನಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿತು.
ಪೆಟ್ರೋಲಿನ ಕೊಳವೆಯೊಳಗೆಲ್ಲೋ ಒಂದು ಹನಿ ನೀರು
ಸಾಸಿವೆಯಷ್ಟು ಗಡ್ಡೆಯಾಗಿ ಕೂತಿತ್ತು.
ಆಮೇಲಿನದು
ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ
ಯಾವುದೋ ಗುಂಯ್ಗುಡುವಿಕೆ ನಿಂತಂಥ ಮೌನ.

ಮೂರು ಲಾರ್ಚ್ ಮರ. ಬಿಳಿ. ರಸ್ತೆ. ಬಿಳಿ.
ದೂರದಲ್ಲಿ ಒಂದು ದೀಪ, ಅಥವಾ ಚುಕ್ಕಿ.
ಬಾಗಿಲಿಗೆ ಕೈ ಹಾಕಿದೆ.
"ಕೂತ್ಕೋ," ಎಂದಳು ಅತ್ತೆ.
"ನಿನ್ನ ಮಾವನೂ ದೀಪ ಕಂಡಿತೆಂದೇ ಇಳಿದು ಹೋದದ್ದು.
ದೀಪ ಇದ್ದದ್ದು ನಿಜ. ಹನ್ನೊಂದು ಮೈಲಿ ಆಚೆ ಇತ್ತು."
ಆ ಕತೆಯನ್ನು ಅವಳು ಅಷ್ಟೇ ಹೇಳಿದ್ದು, ಇವತ್ತಿಗೂ.

ಸ್ಟೆಪ್ನಿ ಇಳಿಸಿ ಗಾಳಿ ಬಿಟ್ಟೆವು.
ಚಿಂದಿಗೆ ಪೆಟ್ರೋಲು ಅದ್ದಿ ಗೀರಿದರೆ
ಏಳನೆಯ ಕಡ್ಡಿಗೆ ಹೊತ್ತಿತು, ಕರ್ರನೆ, ಗಬ್ಬು ನಾತ.
ಅತ್ತೆ ಬೆಂಕಿಯನ್ನು ಅಜ್ಜ ಎಂದು ಕರೆದು
ಬೆಣ್ಣೆ ಸವರಿದ ರೊಟ್ಟಿಯ ಮೊದಲ ಚೂರು ಕೊಟ್ಟಳು.
"ಒಂದು ಟೈರು, ಒಂದು ಗಂಟೆ. ಇನ್ನೂ ನಾಲ್ಕಿವೆ."
ನಾಲ್ಕೂ ಉರಿದ ಮೇಲೆ ಏನೆಂದು ನಾನು ಕೇಳಲಿಲ್ಲ.
ಎದೆ ಕಾಯುತ್ತಿತ್ತು, ಬೆನ್ನು ಕಾಯುತ್ತಿರಲಿಲ್ಲ;
ಹಂಚಿನ ಮೇಲಿನ ರೊಟ್ಟಿಯಂತೆ ಮಗುಚಿಕೊಂಡು ನಿಂತೆವು.
ಆರದಂತೆ ಬೆಂಕಿಯನ್ನು ನಾವು ಕಾಯುತ್ತಿದ್ದೆವು,
ನಮ್ಮನ್ನು ಬೆಂಕಿ ಕಾಯುತ್ತಿತ್ತು,
ಎಲ್ಲರೂ ಸೇರಿ ಯಾರದೋ ದಾರಿ ಕಾಯುತ್ತಿದ್ದೆವು.

ಬಂದ. ಎರಡನೆಯ ಚಕ್ರದ ನಟ್ಟು ಬಿಚ್ಚುವ ಹೊತ್ತಿಗೆ.
ಕಲ್ಲಿದ್ದಲಿನ ಲಾರಿ, ರೆಪ್ಪೆಯ ಮೇಲೆಲ್ಲ ಹಿಮದ ಹರಳು.
ಹೆಸರು ಹೇಳಲಿಲ್ಲ. ಏನಾಯಿತೆಂದೂ ಕೇಳಲಿಲ್ಲ.
ತನ್ನ ಫ್ಲಾಸ್ಕಿನ ಬಿಸಿ ಚಹಾವನ್ನು
ಪೂರ್ತಿ, ಕೊನೆಯ ಗುಟುಕಿನವರೆಗೆ, ಕೊಳವೆಯ ಮೇಲೆ ಸುರಿದ.
ಟ್ಯಾಂಕಿಗೆ ಒಂದು ಬಾಟಲಿ ಸ್ಪಿರಿಟ್ಟು.
ದುಡ್ಡು ಚಾಚಿದರೆ ಕೈಗವಸು ಅಡ್ಡ ಆಡಿಸಿ
ಒಂದು ಮೀನು ಮಾತ್ರ ಕಂಕುಳಿಗೆ ಸಿಕ್ಕಿಸಿಕೊಂಡ.
"ನಿನ್ನ ಹೊಟ್ಟೆ ಬೆಚ್ಚಗಿರಲಿ ಮಗನೆ," ಎಂದಳು ಅತ್ತೆ.

ಮುಂದೆ ನದಿ, ನದಿಯೇ ರಸ್ತೆ.
ದಡದಲ್ಲೊಂದು ಫಲಕ: ಸೀಟ್ ಬೆಲ್ಟ್ ಬಿಚ್ಚಿರಿ.
ಇಷ್ಟು ಹೊತ್ತು ಜೀವ ಹಿಡಿದಿದ್ದ ಪಟ್ಟಿಯನ್ನು
ಇಲ್ಲಿ ಅದೇ ಜೀವಕ್ಕಾಗಿ ಸಡಿಲಿಸಬೇಕು.
ಬಾಗಿಲು ಅರೆ ತೆರೆದು, ಆಮೆಯ ವೇಗದಲ್ಲಿ,
ಕೆಳಗೆ ಯಾರೋ ದಪ್ಪ ಬಟ್ಟೆ ಹರಿದಂತೆ ಸದ್ದು.
ಅತ್ತೆ ಹಾಲಿನ ಬಿಲ್ಲೆ ಎಣಿಸುತ್ತಿದ್ದಳು.

ಆಚೆ ದಡದಲ್ಲಿ ಒಂದು ಪುಟ್ಟ ಕಾರು.
ಬಾನೆಟ್ಟು ಮೇಲೆದ್ದಿದೆ, ಇಬ್ಬರು ಕಾಲು ಕುಟ್ಟುತ್ತಿದ್ದಾರೆ.
ಡಾಕ್ಟರು ನಾಲ್ಕಕ್ಕೆ ಬಾಗಿಲು ಹಾಕುತ್ತಾನೆ. ಗಂಟೆ ಮೂರೂವರೆ.
ಆಗಲೇ ಆಕ್ಸಿಲರೇಟರಿನಿಂದ ಎದ್ದಿದ್ದ ನನ್ನ ಕಾಲನ್ನು ನೋಡಿ
ಅತ್ತೆ ಏನೂ ಅನ್ನಲಿಲ್ಲ.
ಉಳಿದ ಮೀನು ಒಂದು ಸಲ ನೇವರಿಸಿ
ಸೀಟಿನಡಿ ಕೈಯಾಡಿಸಿ ಫ್ಲಾಸ್ಕು ಹುಡುಕತೊಡಗಿದಳು.