ಕೆಂಪು ಗೆರೆಯ ತಂತಿ

ಐದು ಪೆಟ್ಟಿಗೆ, ಜೊತೆಗೆ ಗುಡುಗುವುದಕ್ಕೆಂದೇ ಇರುವ ದಪ್ಪನೆಯದೊಂದು.
ಹಲ್ಲಿನ ಡಾಕ್ಟರರ ವಿಧವೆ ಅರವತ್ತು ಯೂರೋಗೆ ಕೊಟ್ಟಳು.
ತಂತಿ ಕೊಡಲಿಲ್ಲ.
"ಅದನ್ನವರು ಗೋಡೆಯೊಳಗೇ ಬಿಟ್ಟುಹೋದರು," ಎಂದಳು.
ಮನೆಗೆ ತಂದು ನೋಡಿದರೆ ನಡುವಿನದಕ್ಕೆ ಉಸಿರಿಲ್ಲ.
ಅದಿಲ್ಲದೆಯೂ ನಡೆಯುತ್ತದಂತೆ:
ಎಡ ಬಲ ಎರಡೂ ಕೂಡಿ ನುಡಿದರೆ
ನಡುವೆ ಮೂರನೆಯದೊಂದು ಇದ್ದಂತೆಯೇ ಕೇಳುತ್ತದಂತೆ.

ಡಿಸೆಂಬರಿನ ಕೋತ್ಕಾ. ಮಧ್ಯಾಹ್ನ ಮೂರಕ್ಕೇ ಬಂದರಿನ ದೀಪ ಹತ್ತಿವೆ.
ಮೂವತ್ತೊಂದು ವರ್ಷ ಅಲ್ಲಿ ಕ್ರೇನಿನ ಗೂಡಲ್ಲಿ ಕೂತು
ಕಾಗದದ ಉರುಳೆಗಳನ್ನು ಹಡಗಿಗಿಳಿಸಿದವಳು ನಾನು, ಓರ್ವೊಕ್ಕಿ;
ಇವತ್ತು ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಸೋಫಾದ ಹಿಂದೆ ತೆವಳುತ್ತಿದ್ದೇನೆ.

ಮುಂದಿನ ಎರಡಕ್ಕೆ ಮೂರು ಮೂರು ಮೀಟರು ಸಾಕು.
ಹಿಂದಿನವಕ್ಕೆ ಹೊಟ್ಟೆಬಾಕತನ:
ಬಾಗಿಲ ಚೌಕಟ್ಟು ಬಳಸಿ, ಹೀಟರಿನಡಿ ನುಸುಳಿ,
ಮಾವನ ಅಂಗಿಗಳನ್ನು ಹರಿದು ಅತ್ತೆ ನೇಯ್ದ
ಜಮಖಾನೆಯ ಕೆಳಗೆ ಮಲಗಿಸಿದೆ.
ಇಲಿ ಹೊಕ್ಕಂತೆ ಒಂದು ಉಬ್ಬು ಎದ್ದಿತು.
ತೌನೋ ಎಡವುತ್ತಾನೆ. ಎಡವಲಿ ಒಂದು ಸಲ,
ಆಮೇಲೆ ಕಾಲಿಗೆ ತಾನೇ ಗೊತ್ತಾಗುತ್ತದೆ.

ಅಂಟಿಕೊಂಡೇ ಹುಟ್ಟಿದ ಎರಡೆಳೆ. ತುದಿಯಲ್ಲಷ್ಟೇ ಸೀಳಬೇಕು,
ಒಂದು ಕೆಂಪು ತಿರುಪಿಗೆ, ಇನ್ನೊಂದು ಕರಿಯದಕ್ಕೆ.
ಮೀನಿನ ಚೂರಿಯಲ್ಲಿ ಸಿಪ್ಪೆ ಸುಲಿದೆ,
ಸೂಜಿಗೆ ಪೋಣಿಸುವ ಮುನ್ನ ದಾರ ಹೊಸೆದಂತೆ
ತಾಮ್ರದ ಕೂದಲನ್ನು ಹೊಸೆದೆ.
ಯಾವುದು ಯಾವುದೆಂದು ಹೇಳಲು ಒಂದೇ ಗುರುತು,
ಬೆನ್ನುದ್ದಕ್ಕೂ ಓಡುವ ಕೆಂಪು ಗೆರೆ.
ಅರವತ್ತೆರಡರ ಕಣ್ಣು. ನೋಡಿದೆನೆಂದುಕೊಂಡೆ.

ಸಂಜೆ ಐಸ್ ಹಾಕಿ.
ಜನ ಬೆನ್ನ ಹಿಂದೆ ಬೊಬ್ಬಿಟ್ಟರು, ಸೈ.
ಸ್ಕೇಟಿನ ಅಲುಗು ಮಂಜುಗಡ್ಡೆ ಕೆರೆದದ್ದೂ ಕೇಳಿತು.
ಆಟ ವಿವರಿಸುವವನು ಮಾತ್ರ ಎಲ್ಲಿ?
ಬಾವಿಯೊಳಗಿಂದ ಕೂಗುತ್ತಿದ್ದ,
ಎಲ್ಲ ಮೂಲೆಯಲ್ಲೂ ಇದ್ದು ಎಲ್ಲೂ ಇಲ್ಲದ ಹಾಗೆ.
ಆ ದನಿಗೆ ಎದೆಯೇ ಇಲ್ಲ, ಬರಿಯ ಗಂಟಲು.
ಏರಿಸಿದೆ. ಏರಿಸಿದಷ್ಟೂ ಪೊಳ್ಳು.
ಮೇಲಿನ ಮನೆಯ ಹುಡುಗ ನೆಲ ಗುದ್ದಿದ.

ತೌನೋ ಬಂದ. ಎಡವಿದ. ಏನೂ ಅನ್ನಲಿಲ್ಲ.
ಟೋಪಿ ತೆಗೆಯದೆ ನಿಂತು ಕೇಳಿಸಿಕೊಂಡ.
"ಒಂದು ತಳ್ಳುವಾಗ ಇನ್ನೊಂದು ಎಳೀತಿದೆ," ಅಂದ,
"ನಮ್ಮ ಗರಗಸದ ಹಾಗೆ."

ಇಬ್ಬರು ಹಿಡಿಯುವ ಆ ಉದ್ದ ಗರಗಸ
ಈಗಲೂ ನೆಲಮಾಳಿಗೆಯ ಗೋಡೆಯಲ್ಲಿದೆ.
ಮದುವೆಯಾದ ವರ್ಷ ಅವನೇ ಕಲಿಸಿದ್ದು:
ನಾನೆಳೆವಾಗ ನೀನು ಬಿಡು, ನೀನೆಳೆವಾಗ ನಾನು ಬಿಡುತ್ತೇನೆ,
ಇಬ್ಬರೂ ಒಟ್ಟಿಗೆ ತಳ್ಳಿದರೆ ಅಲುಗು ಬಾಗುತ್ತದೆ.
ಆ ನ್ಯಾಯದಲ್ಲೇ ಬಾಳಿದೆವು.
ಅವನು ಮಾತಾಡಿದ ದಿನ ನಾನು ಸುಮ್ಮನೆ,
ನಾನು ಸಿಡಿದ ದಿನ ಅವನು ದೋಣಿಗೆ ಟಾರು ಬಳಿಯಲು ಹೊರಟ.
ಬೇಕಾದಷ್ಟು ಮರ ತುಂಡಾಯಿತು.
ಚಳಿಗೆ ಯಾರೂ ಸಾಯಲಿಲ್ಲ.

ಈ ಪೆಟ್ಟಿಗೆಗಳಿಗೆ ಆ ನ್ಯಾಯ ಸಲ್ಲದು.
ಒಂದೇ ಉಸಿರಿಗೆ ಮುಂದೆ ಬರಬೇಕು, ಒಂದೇ ಉಸಿರಿಗೆ ಹಿಂದೆ;
ಇಲ್ಲವಾದರೆ ಒಂದು ಕೊಟ್ಟದ್ದನ್ನು ಇನ್ನೊಂದು ತಿಂದುಹಾಕಿ
ನಡುವೆ ಇರಬೇಕಾದವನು ಇಲ್ಲವಾಗುತ್ತಾನೆ.

ಎಡದ್ದರ ಬೆನ್ನು ತಿರುಗಿಸಿದೆ. ತೌನೋ ಟಾರ್ಚು ಹಿಡಿದ,
ಮೊದಲು ನನ್ನ ಕಣ್ಣಿಗೆ, ಆಮೇಲೆ ತಿರುಪಿಗೆ.
ಕೆಂಪು ಗೆರೆ ಕರಿಯದರಲ್ಲಿ ಕೂತಿತ್ತು,
ಪಕ್ಕದ ಮನೆಯನ್ನು ತನ್ನದೆಂದುಕೊಂಡ ಕುಡುಕನ ನಿಶ್ಚಿಂತೆಯಲ್ಲಿ.
ಅದಲು ಬದಲು. ಎರಡು ತಿರುವು.

ಅವನು ಬಾವಿಯಿಂದೆದ್ದು ಬಂದ.
ಟೀವಿಯ ಮುಂದೆ, ಯಾರೂ ಇಲ್ಲದ ಕಡೆ ನಿಂತು
ನಮಗಿಬ್ಬರಿಗಷ್ಟೇ ಎಂಬಂತೆ ಹೇಳಿದ:
ನಾವು ಎರಡು ಗೋಲು ಹಿಂದೆ.

"ಇಲ್ಲಿ ಕೂತ್ಕೋ," ಅಂದೆ, "ನಡುವೆ.
ಪಕ್ಕಕ್ಕೆ ಕೂತರೆ ಸರಿಯಾಗಿ ಕೇಳಲ್ಲ."
"ನಡುವೆ ನೀನಿದ್ದೀಯಲ್ಲ."

ಅರ್ಧ ಸರಿದೆ.
ದನಿಯೂ ಒಂದಿಷ್ಟು ವಾಲಿತು.