ಸೊನ್ನೆ ಯೂನಿಟ್

ಪ್ರತಿ ತಿಂಗಳ ಏಳಕ್ಕೆ ನನಗೆ ಮಾರ್ನಮಿಕಟ್ಟೆ.
ಹೆಗಲಲ್ಲಿ ಬಿಲ್ಲಿನ ಯಂತ್ರ, ಜೇಬಲ್ಲಿ ಒಂದು ಬಿಡಿ ರೋಲು.
ಹದಿನೆಂಟು ಮಾಳಿಗೆಯ ಬುಡದಲ್ಲಿ
ಕಿಟಕಿಯಿಲ್ಲದ ಮೀಟರ್ ಕೋಣೆ,
ಗೋಡೆ ತುಂಬ ನೂರ ನಲವತ್ತನಾಲ್ಕು ಮೀಟರು.

‘ಒಂದೂ ಬಾಕಿ ಇಲ್ಲ, ಎಲ್ಲ ಸೇಲಾಗಿದೆ’
ವಾಚ್‌ಮನ್ ಕೊರಗಪ್ಪ ಹೇಳುತ್ತಾನೆ,
ತಾನೇ ಮಾರಿದ ಹಾಗೆ.
ಕೆಂಪು ದೀಪ ಮಿಟುಕುವುದು ಐವತ್ತೊಂದರಲ್ಲಿ.
ಉಳಿದವು ರೆಪ್ಪೆ ಬಡಿಯುವುದಿಲ್ಲ.
ಹಿಂದಿನ ರೀಡಿಂಗು ನಾಲ್ಕು, ಈಗಿನದ್ದೂ ನಾಲ್ಕು,
ಬಳಕೆ ಸೊನ್ನೆ, ನಿಗದಿತ ಶುಲ್ಕ ಮಾತ್ರ.
ಯಂತ್ರ ಗೊಣಗಿ ನಾಲಿಗೆ ಚಾಚುತ್ತದೆ,
ಹರಿದುಕೊಳ್ಳುವವರಿಲ್ಲದ ಚೀಟಿ.

ಕೆಟ್ಟ ಸುದ್ದಿಯ ವರ್ಷವೇ ಹೊಸ ಮೀಟರು ಹೆಚ್ಚು.
ಆಫೀಸಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ ಇದು,
ಹನ್ನೊಂದು ವರ್ಷ ಗೋಡೆ ಓದಿ ಕಂಡದ್ದು.
ಕೊಲ್ಲಿಯಲ್ಲಿ ಕಂಪೆನಿ ಬಾಗಿಲು ಹಾಕಿತೋ
ಕದ್ರಿಯಲ್ಲಿ ಎರಡು ಬೆಡ್‌ರೂಮು ಬುಕ್ಕು.
ಸೊಸೈಟಿಯವರು ‘ನಾಳೆ ಬನ್ನಿ’ ಎಂದರೋ
ಬೆಂದೂರಲ್ಲಿ ಮೂರು.
ನೆರೆಗೆ ಕೇರೆಹಾವು ಅಟ್ಟ ಹತ್ತುವ ಹಾಗೆ
ಹೆದರಿದ ದುಡ್ಡು ಎತ್ತರಕ್ಕೆ ಹರಿದು
ಅಲ್ಲೇ ಸುರುಳಿ ಸುತ್ತಿ ಮಲಗುತ್ತದೆ.

ಈ ಏಳಕ್ಕೆ ಸಾವಿರದ ಇನ್ನೂರ ಮೂರು ಮಿಟುಕಿತು.
ಮೂರು ವರ್ಷದಲ್ಲಿ ಮೊದಲ ಸಲ.
ಚೀಟಿ ಹಿಡಿದು ನಾನೇ ಲಿಫ್ಟು ಹತ್ತಿದೆ.

ಬಾಗಿಲು ತೆರೆದೇ ಇತ್ತು.
ಹೊಯಿಗೆಬಜಾರಿನ ಐಸ್ ಪ್ಲಾಂಟಿನ ಸೆವ್ರಿನ್ ಬಾಯಿ
ಪ್ಲಾಸ್ಟಿಕ್ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ;
ಒಳಗೆ ಎಲ್ಲ ನಳ್ಳಿಗಳೂ ಒಟ್ಟಿಗೆ ಸುರಿಯುತ್ತಿದ್ದವು.
‘ನೀರು ಬಿಡ್ಲಿಕ್ಕೆ ಬಂದದ್ದು. ಇಲ್ಲದಿದ್ರೆ ತುಕ್ಕು ಹಿಡೀತದಂತೆ.’

ಇಲ್ಲೇ ನಿಲ್ಲಬಹುದಲ್ಲ ಬಾಯಿ?
‘ಮಿಶಿನಿನ ಶಬ್ದ ಇಲ್ಲದೆ ನಿದ್ದೆ ಬರುದಿಲ್ಲ ಮಾರಾಯ.’
ಬಾಡಿಗೆಗೆ?
(ಕೇಳುವಾಗ ನನ್ನ ಬಾಯಿ ಯಾಕೋ ಒಣಗಿತ್ತು.)
‘ಜನ ನಿಂತ್ರೆ ಹಳತಾಗ್ತದೆ. ಹಳತಾದ್ರೆ ರೇಟು ಬೀಳ್ತದೆ.’
ಆಮೇಲೆ ಅಂಗೈ ಬಿಡಿಸಿ ನೋಡುತ್ತ, ತನಗೇ ಎಂಬಂತೆ:
‘ನಲವತ್ತು ವರ್ಷ ಐಸ್ ಮಾರಿದವಳು ನಾನು.
ಮೀನು ಸಿಗದಿದ್ರೆ ಐಸೂ ಬೇಡ.
ರಾತ್ರಿ ಬೆಟ್ಟದಷ್ಟು ಇದ್ದದ್ದು ಬೆಳಿಗ್ಗೆ ಚರಂಡಿಯಲ್ಲಿ.
ಇದು ಕರಗುದಿಲ್ಲ, ಅಲ್ವಾ?’
ಗೋಡೆಯನ್ನು ಒಮ್ಮೆ ಮುಟ್ಟಿದರು,
ಕುದುರೆಯ ಕುತ್ತಿಗೆ ಮುಟ್ಟಿದ ಹಾಗೆ.

ನಾನು ಬಾಲ್ಕನಿಯಿಂದ ಜೆಪ್ಪು ಹುಡುಕಿದೆ.
ಹಂಚಿನ ಕಾರ್ಖಾನೆಯ ಚಿಮಣಿ ಒಂದೇ ಉಳಿದದ್ದು;
ಅದರ ಬುಡದಲ್ಲಿ ನನ್ನ ಅಮ್ಮ ಹಸಿ ಹಂಚು ಅಟ್ಟಿ ಹಾಕುತ್ತಿದ್ದಳು,
ದಿನಕ್ಕೆ ಎಷ್ಟೋ, ಎಣಿಸಿದ್ದು ಮೇಸ್ತ್ರಿ ಮಾತ್ರ.
ಚಿಮಣಿಯಿಂದ ಎಡಕ್ಕೆ, ಹಲಸಿನ ಮರ ದಾಟಿ
ನೀಲಿ ಟರ್ಪಾಲು. ಅದು ನಮ್ಮ ಬಾಡಿಗೆ ಮನೆ.
ಹಂಚು ಬದಲಿಸುವುದಿಲ್ಲ ಎಂದಿದ್ದಾರೆ ಧನಿಗಳು,
ಜಾಗ ನೋಡಲು ಕಾರಲ್ಲಿ ಯಾರೋ ಬಂದು ಹೋದ ಮೇಲೆ.
ಆಟಿ ಕಳೆದ ಮೇಲೆ ಬಿಡಬೇಕು.
ಅತ್ತಾವರದಲ್ಲಿ ಒಂದು ಕೋಣೆಗೆ ಮುಂಗಡ ಎಂಬತ್ತು ಸಾವಿರ.
ಮನೆಯಾಕೆ ಮೋಹಿನಿ ಬೀಡಿಯ ಲೆಕ್ಕದ ಪುಸ್ತಕದಲ್ಲಿ
ಆ ಅಂಕಿ ಬರೆದು, ಸುತ್ತ ಗೆರೆ ಎಳೆದು,
ಪುಟ ಮಗುಚಿದ್ದಾಳೆ.

ಇಷ್ಟು ಮೇಲಿನಿಂದ ಟರ್ಪಾಲು ಚಂದ ಕಾಣುತ್ತದೆ,
ಯಾರೋ ಒಣಗಲು ಹಾಕಿದ ಕರವಸ್ತ್ರದಂತೆ.

ಕೆಳಗೆ ಬಂದು ಉಳಿದ ಸೊನ್ನೆಗಳನ್ನು ಬರೆಯುತ್ತಿದ್ದೆ.
ಲಿಫ್ಟಿಳಿದ ಸೆವ್ರಿನ್ ಬಾಯಿ
ಚಾವಿ ಕುಲುಕುತ್ತ ಕೋಣೆಯೊಳಗೆ ಇಣುಕಿದರು:
‘ನೋಡು ಮಾರಾಯ, ಫ್ಯಾನು ಆಫ್ ಮಾಡಿದ್ದೇನಾ?
ನೆನಪೇ ಇಲ್ಲ.’

ನೋಡಿದೆ.
ಮಿಟುಕುತ್ತಿತ್ತು.
‘ಆಫ್ ಆಗಿದೆ ಬಾಯಿ,’ ಎಂದೆ.